ಕೊಡಗಿನಲ್ಲಿ ಕೂತು ಮೊದಲ ಕಥಾ ಸಂಕಲನ ತರುವವರಿಗೆ

ನಿಮ್ಮ ಹತ್ತಿರ ಹತ್ತು ಹನ್ನೆರಡು ಕಥೆಗಳಿವೆ. ಒಂದೆರಡು ಪತ್ರಿಕೆಯಲ್ಲಿ ಬಂದಿವೆ, ಉಳಿದವು ಮೊಬೈಲಿನಲ್ಲೋ ನೋಟ್‌ಬುಕ್ಕಿನಲ್ಲೋ ಇವೆ. ಇನ್ನು ಪುಸ್ತಕ ಮಾಡೋಣ ಅನ್ನಿಸಿದೆ. ಮಾಡಿ, ಒಳ್ಳೆಯದು. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಕಡೆ ಹೊಸದಾಗಿ ಬರೆಯುವವರು ಸಿಕ್ಕಾಗ ಕೇಳುವ ಮೊದಲ ಪ್ರಶ್ನೆ ಖರ್ಚು ಎಷ್ಟಾಗುತ್ತೆ ಅಂತ. ಎರಡನೆಯದು ಮುನ್ನುಡಿ ಯಾರ ಕೈಲಿ ಬರೆಸೋದು ಅಂತ. ಎರಡೂ ಆಮೇಲಿನ ಮಾತು. ಮೊದಲು ಆಗಬೇಕಾದ ಕೆಲಸ ಬೇರೆ ಇದೆ. ನಿಮ್ಮ ಮುಲಾಜಿಗೆ ಬೀಳದ ಯಾರಾದರೂ ಈ ಕಥೆಗಳನ್ನು ಪೆನ್ಸಿಲ್ ಹಿಡಿದು ಪೂರ್ತಿ ಓದಬೇಕು.

ನಮ್ಮಲ್ಲಿ ವಿಮರ್ಶೆ ಅಂದರೆ ಪುಸ್ತಕ ಬಿಡುಗಡೆಯಾದ ಮೇಲೆ ಭಾನುವಾರದ ಪುರವಣಿಯಲ್ಲಿ ಬರುವ ಅರ್ಧ ಕಾಲಂ ಅನ್ನುವ ಹಾಗಾಗಿದೆ. ಅಷ್ಟು ಹೊತ್ತಿಗೆ ಪ್ರತಿಗಳೆಲ್ಲ ಅಚ್ಚಾಗಿ ಮನೆಗೆ ಬಂದು ಕೂತಿರುತ್ತವೆ. ಮೂರನೇ ಕಥೆಯ ಕೊನೆ ಸಡಿಲವಾಗಿದೆ ಅಂತ ಆಗ ಗೊತ್ತಾದರೆ ಏನು ಮಾಡುತ್ತೀರಿ? ವಿಮರ್ಶೆ ಬೇಕಾದ್ದು ಅಚ್ಚಿಗೆ ಮುಂಚೆ. ಕಾಗದ, ಕರಾರು, ಪುಸ್ತಕದ ಗುರುತುಸಂಖ್ಯೆಯಾದ ಐಎಸ್‌ಬಿಎನ್‌, ಗ್ರಂಥಾಲಯ ಎಲ್ಲವನ್ನೂ ಮುಂದೆ ಹೇಳುತ್ತೇನೆ. ಆದರೆ ಇದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಸರಿಯಾಗಿ ಮಾಡಿದರೂ ಪುಸ್ತಕ ನಿಲ್ಲುವುದಿಲ್ಲ.

ಓದುಗರನ್ನು ಹುಡುಕುವುದು

ಮೂರು ಜನ ಸಾಕು. ಒಬ್ಬರು ಕೊಡಗನ್ನು ಚೆನ್ನಾಗಿ ಬಲ್ಲವರಿರಲಿ. ಇನ್ನೊಬ್ಬರು ಕಲಬುರಗಿಯವರೋ ಹಾವೇರಿಯವರೋ ಆಗಿರಲಿ, ತೋಟ, ಬಾಣೆ (ಗದ್ದೆಗೆ ಸೇರಿದ ಕಾಡು-ಹುಲ್ಲಿನ ಜಾಗ), ಲೈನ್‌ಮನೆ (ಕೂಲಿಕಾರರ ಸಾಲುಮನೆ) ಯಾವುದೂ ಗೊತ್ತಿಲ್ಲದವರು. ಮೂರನೆಯವರು ಬರೆಯುವವರಾಗಿರಬಾರದು, ಆದರೆ ಓದಿ ಓದಿ ನುರಿತವರಾಗಿರಬೇಕು. ಎಷ್ಟೋ ಊರುಗಳಲ್ಲಿ ಇಂಥವರು ನಿವೃತ್ತ ಮೇಷ್ಟ್ರೋ ಗ್ರಂಥಾಲಯಕ್ಕೆ ದಿನಾ ಬರುವ ಹಿರಿಯರೋ ಆಗಿರುತ್ತಾರೆ. ಯಾರೂ ಹೋಗಿ ಅವರನ್ನು ಕೇಳಿರುವುದಿಲ್ಲ, ಅಷ್ಟೇ.

ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸಬೇಡಿ. ಪ್ರಿಂಟ್ ತೆಗೆಸಿ. ಸಾಲುಗಳ ನಡುವೆ ಜಾಗ ಬಿಟ್ಟು, ಅಂಚು ಅಗಲ ಇಟ್ಟು ಕೊಡಿ. ಒಂದು ತಿಂಗಳಾದರೂ ಸಮಯ ಕೊಡಿ. ಆಮೇಲೆ "ಹೇಗಿದೆ?" ಅಂತ ಕೇಳಬೇಡಿ, ಯಾಕಂದರೆ ಆ ಪ್ರಶ್ನೆಗೆ "ಚೆನ್ನಾಗಿದೆ" ಅನ್ನುವ ಒಂದೇ ಉತ್ತರ ಇರುವುದು. ಓದುತ್ತಾ ಎಲ್ಲಿ ಬೇಸರವಾಗಿ ಪುಸ್ತಕ ಕೆಳಗಿಟ್ಟಿರಿ ಅಂತ ಕೇಳಿ. ಯಾವ ಪಾತ್ರ ಆಡುವ ಮಾತು ಆ ಪಾತ್ರದ್ದಲ್ಲ, ಬರೆದವರದ್ದು ಅನ್ನಿಸಿತು ಅಂತ ಕೇಳಿ. ಹತ್ತರಲ್ಲಿ ಎರಡು ಕಥೆ ತೆಗೆಯಲೇಬೇಕು ಅಂದರೆ ಯಾವ ಎರಡು? ಈ ಕೊನೆಯ ಪ್ರಶ್ನೆ ಬಹಳ ಉಪಯೋಗಕ್ಕೆ ಬರುತ್ತದೆ. ನೇರವಾಗಿ ದೂರು ಹೇಳಲು ಹಿಂಜರಿಯುವವರೂ ಇದಕ್ಕೆ ಉತ್ತರ ಕೊಡುತ್ತಾರೆ.

ಅವರು ಹೇಳುವಾಗ ಸಮರ್ಥನೆಗೆ ಇಳಿಯಬೇಡಿ. ಬರೆದುಕೊಳ್ಳಿ, ಅಷ್ಟೇ. ಮೂವರಲ್ಲಿ ಇಬ್ಬರು ಒಂದೇ ಜಾಗದಲ್ಲಿ ಎಡವಿದ್ದರೆ, ಅವರು ಕೊಡುವ ಕಾರಣ ಬೇರೆ ಬೇರೆ ಇದ್ದರೂ, ಆ ಜಾಗದಲ್ಲಿ ಏನೋ ತಪ್ಪಿದೆ. ಅವರು ಹೇಳುವ ಪರಿಹಾರವನ್ನು ನೀವು ಒಪ್ಪಬೇಕಾಗಿಲ್ಲ. ಅಲ್ಲಿ ತೊಂದರೆ ಇದೆ ಅನ್ನುವುದನ್ನು ಮಾತ್ರ ಒಪ್ಪಿ. ಹನ್ನೆರಡು ಕಥೆ ಎಂಟಕ್ಕೆ ಇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ನಮ್ಮದೇ ಜಿಲ್ಲೆಯ ಕೊಡಗಿನ ಗೌರಮ್ಮ 1912ರಲ್ಲಿ ಹುಟ್ಟಿ 1939ರಲ್ಲೇ ತೀರಿಕೊಂಡರು. ಅವರು ಬಿಟ್ಟುಹೋದ ಕಥೆಗಳ ಸಂಖ್ಯೆ ದೊಡ್ಡದೇನಲ್ಲ. ಇವತ್ತಿಗೂ ಓದುತ್ತಿದ್ದೇವೆ, ಅಲ್ವಾ?

ಕೊಡಗಿನ ಕಥೆಯಲ್ಲಿ ನೋಡಬೇಕಾದ್ದು

ಹಸ್ತಪ್ರತಿ ತಿದ್ದುವಾಗ ನಮ್ಮ ಕಡೆಯವರು ವಿಶೇಷವಾಗಿ ಗಮನ ಕೊಡಬೇಕಾದ ಕೆಲವು ವಿಷಯಗಳಿವೆ. ಇಲ್ಲಿ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

ಮೊದಲನೆಯದು ಮಂಜು, ಮಳೆ, ಕಾಫಿ ಹೂವಿನ ಪರಿಮಳ. ಕೊಡಗು ಅಂದಕೂಡಲೇ ಹೊರಗಿನವರಿಗೆ ನೆನಪಾಗುವುದು ಇವೇ. ಎರಡು ದಿನಕ್ಕೆ ಹೋಂಸ್ಟೇಗೆ ಬಂದು ಹೋಗುವವರೂ ಇದನ್ನೇ ಬರೆಯುತ್ತಾರೆ. ಇಲ್ಲೇ ಇರುವ ನೀವೂ ಅದನ್ನೇ ಬರೆದರೆ ಏನು ಪ್ರಯೋಜನ? ಕಥೆಯಲ್ಲಿ ಮಳೆ ಬಂದರೆ ಆ ಮಳೆ ಏನಾದರೂ ಮಾಡಬೇಕು. ಒಣಗಲು ಹಾಕಿದ ಕಾಫಿ ನೆನೆಯಬೇಕು, ಬಸ್ಸು ತಪ್ಪಬೇಕು, ಕರೆಂಟು ಹೋಗಿ ನಾಲ್ಕು ದಿನ ಬಾರದೆ ಮನೆಯೊಳಗಿನ ಜಗಳ ಬೆಳೆಯಬೇಕು. ಸುಮ್ನೆ ಸುರಿಯುವ ಮಳೆಯನ್ನು ಕಥೆಯಿಂದ ತೆಗೆದುಬಿಡಿ.

ಎರಡನೆಯದು ಮಾತು ಯಾರಿಗೆ ಕೊಟ್ಟಿದ್ದೀರಿ ಅನ್ನುವುದು. ತೋಟದ ಕಥೆಗಳಲ್ಲಿ ಯಜಮಾನರ ಮನಸ್ಸಿನ ಒಳಗೆ ಮೂರು ಪುಟ ಇರುತ್ತೇವೆ. ಲೈನ್‌ಮನೆಯಲ್ಲಿರುವವರು ಮಾತ್ರ "ಆಳು", "ಕೆಲಸದವಳು" ಅಂತ ಹೆಸರಿಲ್ಲದೆ ಬಂದು ಹೋಗುತ್ತಾರೆ. ಯರವರು, ಕುರುಬರು, ತಮಿಳುನಾಡಿನಿಂದ ಬಂದವರು, ಈಗ ಅಸ್ಸಾಮಿನಿಂದ ಬರುತ್ತಿರುವವರು, ಎಲ್ಲರೂ ಈ ಜಿಲ್ಲೆಯ ಕಥೆಯೇ. ಅವರನ್ನು ತರಲೇಬೇಕು ಅಂತ ನಾನು ಹೇಳುತ್ತಿಲ್ಲ. ತಂದ ಮೇಲೆ ಅವರಿಗೂ ಒಂದು ಹೆಸರು, ಒಂದು ಆಸೆ, ಒಂದು ಸಿಟ್ಟು ಇರಬೇಕು. ನಿಮ್ಮ ಕರಡನ್ನು ಹಿಡಿದು, ಹೆಸರಿಲ್ಲದ ಪಾತ್ರಗಳಿಗೆಲ್ಲ ಕೆಂಪು ಗೆರೆ ಹಾಕುತ್ತಾ ಹೋಗಿ. ಆ ಗೆರೆಗಳು ಯಾರ ಮೇಲೆ ಬೀಳುತ್ತಿವೆ ಅಂತ ನೋಡಿದರೆ ನಿಮ್ಮ ಕಥೆ ಎಲ್ಲಿ ನಿಂತು ನೋಡುತ್ತಿದೆ ಅಂತ ಗೊತ್ತಾಗುತ್ತದೆ. ಇದೇ ನನ್ನ ಪ್ರಕಾರ ನಿಜವಾದ ವಿಮರ್ಶೆ, ಇದನ್ನು ಮಾಡಲು ಎಂಎ ಬೇಕಾಗಿಲ್ಲ.

ಮೂರನೆಯದು ಮನೆಹೆಸರು. ನಮ್ಮದು ಸಣ್ಣ ಜಿಲ್ಲೆ. ಕೊಡವರ ಮನೆಹೆಸರು ಅಂದರೆ ಒಂದು ಒಕ್ಕದ (ಒಂದೇ ಮೂಲದ ಕುಟುಂಬಗಳ) ಹೆಸರು, ಆ ಒಕ್ಕದ ಊರು ಯಾವುದು, ಐನ್‌ಮನೆ ಅಂದರೆ ಮೂಲಮನೆ ಎಲ್ಲಿದೆ ಅಂತ ಓದುಗರಿಗೆ ಗೊತ್ತಿರುತ್ತದೆ. ಕಥೆಯಲ್ಲಿ ಆಸ್ತಿ ಜಗಳ ಬರೆದು ನಿಜವಾದ ಮನೆಹೆಸರು ಇಟ್ಟರೆ ಅದು ಕಥೆಯಾಗಿ ಉಳಿಯುವುದಿಲ್ಲ. ಅರೆಭಾಷೆ ಗೌಡರ ಮನೆತನದ ಹೆಸರುಗಳಿಗೂ ಇದೇ ಮಾತು. ನೀವೇ ಕಟ್ಟಿದ ಹೆಸರಾದರೂ ಎರಡು ಮೂರು ಹಿರಿಯರನ್ನು ಕೇಳಿ ಅಂಥ ಮನೆತನ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಸುಲಭ ದಾರಿ ಅಂದರೆ ಮನೆಹೆಸರು ಬಿಟ್ಟು ಬರೀ ಹೆಸರು ಇಡುವುದು. ಹೆಸರು ಬದಲಿಸಿದರೂ ಊರು, ಉದ್ಯೋಗ, ಮನೆಯ ಜಾಗ ಮೂರೂ ನಿಜದ್ದೇ ಇದ್ದರೆ ಗುರುತು ಸಿಕ್ಕೇ ಸಿಗುತ್ತದೆ. 2018ರ ಆಗಸ್ಟಿನ ಭೂಕುಸಿತದ ಬಗ್ಗೆ ಬರೆಯುವವರು ಈ ವಿಷಯದಲ್ಲಿ ಇನ್ನೂ ಎಚ್ಚರ ಇಟ್ಟುಕೊಳ್ಳಬೇಕು. ಮನೆ ಕಳೆದುಕೊಂಡವರು, ಮನೆಯವರನ್ನು ಕಳೆದುಕೊಂಡವರು ಇಲ್ಲೇ ನಮ್ಮ ನಡುವೆ ಇದ್ದಾರೆ. ಒಂದು ಕುಟುಂಬಕ್ಕೆ ಆದದ್ದನ್ನೇ ಆಧರಿಸಿ ಬರೆದಿದ್ದರೆ ಅಚ್ಚಿಗೆ ಮುಂಚೆ ಅವರ ಮನೆಗೆ ಹೋಗಿ ಓದಿ ಹೇಳಿ. ಬೇಡ ಅಂದರೆ ಬಿಡಿ. ಒಂದು ಕಥೆ ಕಡಿಮೆಯಾದರೆ ಪುಸ್ತಕಕ್ಕೆ ಏನೂ ಆಗುವುದಿಲ್ಲ.

ನಾಲ್ಕನೆಯದು ಭಾಷೆ. ನಿಮ್ಮ ಪಾತ್ರಗಳು ಕೊಡವ ತಕ್ಕ್ (ಕೊಡವ ಭಾಷೆ), ಅರೆಭಾಷೆ, ಮಲಯಾಳಂ, ತುಳು, ಯರವ ಭಾಷೆ ಏನನ್ನಾದರೂ ಆಡಲಿ, ಆ ಸಾಲುಗಳನ್ನು ಅದೇ ಮನೆಮಾತಿನವರಿಗೆ ಓದಿಸಿ. ಕೊಡವ ತಕ್ಕ್‌ನ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಸರಿಯಾದ ಅಕ್ಷರ ಇಲ್ಲ. ಹಾಗಾಗಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ನೀವು ಒಂದು ರೀತಿ ಆರಿಸಿಕೊಂಡು ಪುಸ್ತಕದುದ್ದಕ್ಕೂ ಅದನ್ನೇ ಪಾಲಿಸಿ. ಒಂದು ಹಾಳೆಯಲ್ಲಿ ಇಂಥ ಪದಗಳನ್ನೆಲ್ಲ ಬರೆದಿಟ್ಟುಕೊಂಡರೆ ಕರಡು ತಿದ್ದುವಾಗ ಕೈಗೆ ಸಿಗುತ್ತದೆ. ಪ್ರತಿ ಪದಕ್ಕೂ ಅಡಿಟಿಪ್ಪಣಿ ಹಾಕುವುದು ನನಗೆ ಇಷ್ಟವಿಲ್ಲ. ಐನ್‌ಮನೆ, ಕೈಮಡ (ಹಿರಿಯರ ಗುಡಿ) ಅನ್ನುವುದು ಸಂದರ್ಭದಲ್ಲೇ ಅರ್ಥವಾಗುವ ಹಾಗೆ ವಾಕ್ಯ ಕಟ್ಟಬಹುದು. ಆ ಕಲಬುರಗಿಯ ಓದುಗರು ಎಲ್ಲಿ ಸಿಕ್ಕಿಹಾಕಿಕೊಂಡರೋ ಅಲ್ಲಿ ಮಾತ್ರ ಸ್ವಲ್ಪ ಬಿಡಿಸಿ ಹೇಳಿ.

ಪೂರ್ತಿ ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಬರೆಯುವವರಿಗೆ ಬೇರೆ ದಾರಿಯೂ ಇದೆ. ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿ, ಕರ್ನಾಟಕ ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ ಎರಡೂ ಮಡಿಕೇರಿಯಲ್ಲೇ ಇವೆ, ಪುಸ್ತಕಗಳನ್ನೂ ಪ್ರಕಟಿಸುತ್ತವೆ. ಒಮ್ಮೆ ಕಚೇರಿಗೆ ಹೋಗಿ ವಿಚಾರಿಸಿ.

ಪುಸ್ತಕಕ್ಕೆ ಮುಂಚೆ ಪತ್ರಿಕೆ

ಕಥೆಗಳು ಮೊದಲು ಪತ್ರಿಕೆಗಳಿಗೆ ಹೋಗಲಿ. ಮಯೂರ, ತುಷಾರ, ಸುಧಾ, ತರಂಗ ಇವೆ. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ ಇದೆ, ಬುಕ್ ಬ್ರಹ್ಮ ಜಾಲತಾಣದ ಕಥಾಸ್ಪರ್ಧೆ ಇದೆ. ಬಹುಮಾನ ಬರಲಿ ಬಿಡಲಿ, ನಿಮ್ಮ ಹೆಸರು ಊರು ಗೊತ್ತಿಲ್ಲದ ಸಂಪಾದಕರೊಬ್ಬರು ಆರಿಸಿದ ಕಥೆಗೆ ಒಂದು ತೂಕ ಇರುತ್ತದೆ. ಪ್ರಕಾಶಕರು ಅದನ್ನು ನೋಡುತ್ತಾರೆ. ನಮ್ಮಲ್ಲಿ ಶಕ್ತಿ ದಿನಪತ್ರಿಕೆ ಇದೆ, ಮಡಿಕೇರಿ ಆಕಾಶವಾಣಿ ಇದೆ. ಆಕಾಶವಾಣಿಯಲ್ಲಿ ಕಥೆ ಓದಲು ಅವಕಾಶ ಸಿಕ್ಕರೆ ಖಂಡಿತ ಬಿಡಬೇಡಿ. ಜೋರಾಗಿ ಓದುವಾಗ ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲೇ ವಾಕ್ಯ ಕೆಟ್ಟಿದೆ ಅಂತ ಅರ್ಥ.

ಒಂದು ಎಚ್ಚರಿಕೆ. ಫೇಸ್‌ಬುಕ್ಕಿನಲ್ಲಿ ಪೂರ್ತಿ ಕಥೆ ಹಾಕಿಬಿಟ್ಟರೆ ಹಲವು ಸ್ಪರ್ಧೆಗಳು ಅದನ್ನು ಪ್ರಕಟವಾದ ಕಥೆ ಎಂದೇ ಲೆಕ್ಕ ಹಿಡಿಯುತ್ತವೆ. ಹಾಕುವ ಮುಂಚೆ ಯೋಚನೆ ಮಾಡಿ.

ಪ್ರಕಾಶಕರು ಮತ್ತು ಕರಾರು

ಬೆಂಗಳೂರಿನವರೇ ಪ್ರಕಾಶಕರಾಗಬೇಕು ಅಂತೇನಿಲ್ಲ. ಅಕ್ಷರ ಪ್ರಕಾಶನ ಇರುವುದು ಹೆಗ್ಗೋಡಿನಲ್ಲಿ, ಮನೋಹರ ಗ್ರಂಥಮಾಲೆ ಧಾರವಾಡದಲ್ಲಿ. ಯಾರಿಗೆ ಕಳಿಸುವುದಾದರೂ ಮೊದಲು ಅವರು ತಂದಿರುವ ನಾಲ್ಕೈದು ಪುಸ್ತಕ ಓದಿ. ಇಡೀ ಹಸ್ತಪ್ರತಿ ಬೇಡ. ನಿಮ್ಮ ಅತಿ ಗಟ್ಟಿಯಾದ ಎರಡು ಕಥೆ, ಪರಿವಿಡಿ, ಒಂದು ಪುಟದ ಪತ್ರ ಸಾಕು. ಹೊಸ ಕಥೆಗಾರರ ಹಸ್ತಪ್ರತಿಗೆ ಛಂದ ಪುಸ್ತಕ ಪ್ರಕಾಶನದ ಬಹುಮಾನವೂ ಇದೆ, ಅದರ ಪ್ರಕಟಣೆ ಮೇಲೆ ಒಂದು ಕಣ್ಣಿಟ್ಟಿರಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅರ್ಜಿ ಕರೆದಾಗ ಪತ್ರಿಕೆಗಳಲ್ಲಿ ಬರುತ್ತದೆ, ವಯಸ್ಸಿನ ಮಿತಿ ಮತ್ತು ನಿಯಮಗಳನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಪ್ರಕಾಶಕರು ತಮ್ಮ ದುಡ್ಡು ಹಾಕುವುದು ಒಂದು ರೀತಿ. ಲೇಖಕರೇ ಪೂರ್ತಿ ದುಡ್ಡು ಹಾಕಿ ತಮ್ಮದೇ ಪ್ರಕಾಶನದ ಹೆಸರಲ್ಲಿ ತರುವುದು ಇನ್ನೊಂದು. ಇವೆರಡರ ನಡುವೆ ಮೂರನೆಯದು ಬಹಳ ಚಾಲ್ತಿಯಲ್ಲಿದೆ. ಹೆಸರು ಪ್ರಕಾಶಕರದ್ದು, ಇನ್ನೂರು ಮುನ್ನೂರು ಪ್ರತಿಯನ್ನು ಲೇಖಕರೇ ಕೊಳ್ಳಬೇಕು. ಇದರಲ್ಲಿ ತಪ್ಪೇನೂ ಇಲ್ಲ, ಆದರೆ ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬೇಡಿ. ಒಟ್ಟು ಎಷ್ಟು ಪ್ರತಿ ಅಚ್ಚಾಗುತ್ತದೆ, ನಿಮಗೆ ಯಾವ ದರಕ್ಕೆ ಎಷ್ಟು ಕೊಡುತ್ತಾರೆ, ಉಳಿದದ್ದು ಮಾರಾಟವಾದರೆ ನಿಮಗೆಷ್ಟು, ಎಲ್ಲ ಕಾಗದದ ಮೇಲೆ ಬರಲಿ. ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಶೇ 10. ಅಂದರೆ 200 ರೂಪಾಯಿಯ ಪುಸ್ತಕ 500 ಪ್ರತಿ ಪೂರ್ತಿ ಹೋದರೆ ನಿಮಗೆ 10,000 ರೂಪಾಯಿ. ಹೀಗೆ ಲೆಕ್ಕ ಹಾಕಿ ನೋಡಿದರೆ ಪುಸ್ತಕದಿಂದ ಏನು ನಿರೀಕ್ಷೆ ಮಾಡಬಹುದು ಅನ್ನುವುದು ಸ್ಪಷ್ಟವಾಗುತ್ತದೆ.

ಹಕ್ಕುಸ್ವಾಮ್ಯದ ವಿಷಯದಲ್ಲಿ ನಮ್ಮವರಿಗೆ ಭಯ ಜಾಸ್ತಿ, ತಿಳಿವಳಿಕೆ ಕಡಿಮೆ. 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಕಥೆ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಲೇಖಕರ ಜೀವಿತಾವಧಿ, ಆಮೇಲೆ 60 ವರ್ಷ, ಅಷ್ಟು ಕಾಲ ಇರುತ್ತದೆ. ಹಕ್ಕನ್ನು ಇನ್ನೊಬ್ಬರಿಗೆ ಕೊಡುವುದು ಬರವಣಿಗೆಯಲ್ಲಿ, ಸಹಿಯೊಂದಿಗೆ ಆಗಬೇಕು. ಕರಾರಿನಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಅಂತ ಕಾಯ್ದೆ ತಿಳಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ ಅಂತ. ಹಕ್ಕು ಪಡೆದವರು 1 ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಆ ಕೊಡುಗೆ ಬಿದ್ದುಹೋಗುತ್ತದೆ. ಆದ್ದರಿಂದ "ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ" ಅನ್ನುವ ಸಾಲು ಕಂಡರೆ ಅಲ್ಲೇ ನಿಲ್ಲಿ. ಕನ್ನಡದಲ್ಲಿ ಮುದ್ರಿಸುವ ಹಕ್ಕು ಮಾತ್ರ ಕೊಡಿ. ಅನುವಾದ, ಇ-ಬುಕ್, ಆಡಿಯೊ, ಸಿನಿಮಾ ನಿಮ್ಮ ಹತ್ತಿರವೇ ಇರಲಿ. ಇಲ್ಲಾ ಪ್ರತಿಯೊಂದಕ್ಕೂ ಬೇರೆ ಮಾತು ಬರೆಸಿ. ಮುದ್ರಿತ ಪ್ರತಿ ಮುಗಿದು ಇಷ್ಟು ತಿಂಗಳಾದರೂ ಮರುಮುದ್ರಣ ಮಾಡದಿದ್ದರೆ ಹಕ್ಕು ವಾಪಸ್ ಅನ್ನುವ ಸಾಲನ್ನೂ ಸೇರಿಸಿ.

ಅನುವಾದದ ಹಕ್ಕು ನಮಗೆಲ್ಲಿ ಬೇಕು ಅಂತ ಅನ್ನಬೇಡಿ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ಬಂತು. ಇಂಗ್ಲಿಷಿಗೆ ತಂದವರು ನಮ್ಮ ಮಡಿಕೇರಿಯ ದೀಪಾ ಭಾಸ್ತಿ. ಆ ಇಂಗ್ಲಿಷ್ ಸಂಕಲನದ 12 ಕಥೆಗಳು ಕನ್ನಡದಲ್ಲಿ 1990ರಿಂದ 2023ರವರೆಗಿನ ಅವಧಿಯಲ್ಲಿ ಪ್ರಕಟವಾದವು. ಸಣ್ಣಕಥೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. 50,000 ಪೌಂಡ್ ಬಹುಮಾನ ಲೇಖಕರಿಗೂ ಅನುವಾದಕರಿಗೂ ಸಮಪಾಲು. ಕೊಡಗಿನ ಗೌರಮ್ಮನ ಕಥೆಗಳನ್ನೂ ಇಂಗ್ಲಿಷಿಗೆ ತಂದವರು ದೀಪಾ ಅವರೇ. ಮೂವತ್ತು ವರ್ಷದ ಹಿಂದೆ ಬರೆದ ಕಥೆ ಯಾವತ್ತು ಯಾರ ಕೈಗೆ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ. ಇವತ್ತು ಸಹಿ ಹಾಕುವ ಒಂದು ಹಾಳೆ ಆವತ್ತು ಲೆಕ್ಕಕ್ಕೆ ಬರುತ್ತದೆ.

ಅಕ್ಷರ ಜೋಡಣೆ, ಕರಡು, ಅಚ್ಚು

ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಲವು ಡಿಟಿಪಿಯವರು ಪುಟ ಕಟ್ಟಲು ಅದನ್ನು ಹಳೆಯ ನುಡಿ ಫಾಂಟಿಗೆ ಬದಲಿಸಿಕೊಳ್ಳುತ್ತಾರೆ. ಆ ಬದಲಾವಣೆಯಲ್ಲಿ ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನೆಗಳು ಹಾಳಾಗುವುದುಂಟು. ಕೊಡವ ಪದಗಳ ಕೊನೆಯ ಅರ್ಧಾಕ್ಷರ ಪಕ್ಕದ ಅಕ್ಷರಕ್ಕೆ ಅಂಟಿಕೊಂಡು ಬೇರೆಯೇ ಪದವಾಗುತ್ತದೆ. ಹಾಗಾಗಿ ಮೂಲವನ್ನು ಎಷ್ಟೇ ತಿದ್ದಿ ಕೊಟ್ಟಿದ್ದರೂ ಪುಟ ಕಟ್ಟಿದ ಮೇಲೆ ಮತ್ತೆ ಮೊದಲಿನಿಂದ ಓದಲೇಬೇಕು. ಕರಡು ಕನಿಷ್ಠ ಮೂರು ಸಲ ನೋಡಿ. ಒಂದು ಸಲ ನೀವು, ಒಂದು ಸಲ ಬೇರೆಯವರು, ಕೊನೆಗೆ ಗುರುತು ಮಾಡಿದ ತಪ್ಪುಗಳನ್ನು ನಿಜವಾಗಿ ತಿದ್ದಿದ್ದಾರಾ ಅಂತ. ನಾವು ಬರೆದದ್ದನ್ನು ನಾವೇ ಓದುವಾಗ ಕಣ್ಣು ತಪ್ಪನ್ನು ಕಾಣುವುದಿಲ್ಲ, ಇರಬೇಕಾದ್ದನ್ನು ಕಾಣುತ್ತದೆ. ಕರಡು ತಿದ್ದುವವರಿಗೆ ಹಣ ಕೊಡಿ. ಇದು ಸುಮ್ನೆ ಮಾಡಿಸಿಕೊಳ್ಳುವ ಕೆಲಸವಲ್ಲ.

ಅಳತೆ ಮತ್ತು ಕಾಗದದ ಬಗ್ಗೆ ಗೊತ್ತಾಗಬೇಕಾದರೆ ನಿಮ್ಮ ಮನೆಯಲ್ಲಿರುವ ಯಾವುದೇ ಕನ್ನಡ ಪುಸ್ತಕದ ಎರಡನೇ ಮೂರನೇ ಪುಟ ತೆರೆಯಿರಿ. ಡೆಮಿ 1/8, 70 ಜಿಎಸ್‌ಎಂ ಮ್ಯಾಪ್‌ಲಿಥೋ, ಪ್ರತಿಗಳು ಇಷ್ಟು ಅಂತ ಬಹುತೇಕ ಪುಸ್ತಕಗಳಲ್ಲಿ ಅಚ್ಚಾಗಿರುತ್ತದೆ. ಜಿಎಸ್‌ಎಂ ಅಂದರೆ ಕಾಗದದ ತೂಕ, ಮ್ಯಾಪ್‌ಲಿಥೋ ಕಾಗದದ ಜಾತಿ. ಡೆಮಿ 1/8 ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಕ್ರೌನ್ 1/8 ಅದಕ್ಕಿಂತ ಸ್ವಲ್ಪ ಚಿಕ್ಕದು. ಕೈಗೆ ಹಿತವೆನಿಸಿದ ಪುಸ್ತಕವನ್ನೇ ಪ್ರೆಸ್ಸಿಗೆ ಒಯ್ದು "ಇದರ ಹಾಗೆ" ಅನ್ನಿ. ಅಚ್ಚು ನಡೆಯುವುದು ಫಾರಂ ಲೆಕ್ಕದಲ್ಲಿ, ಒಂದು ಫಾರಂ ಅಂದರೆ 16 ಪುಟ. 128 ಪುಟ ಎಂಟು ಫಾರಂ, 144 ಪುಟ ಒಂಬತ್ತು. 131 ಪುಟಕ್ಕೆ ನಿಂತರೆ ಖಾಲಿ ಪುಟಕ್ಕೂ ದುಡ್ಡು ಕೊಟ್ಟ ಹಾಗೆ. ನೂರು ನೂರೈವತ್ತು ಪ್ರತಿ ಸಾಕು ಅಂದರೆ ಡಿಜಿಟಲ್ ಮುದ್ರಣ, ಐನೂರು ಸಾವಿರಕ್ಕೆ ಹೋದರೆ ಆಫ್‌ಸೆಟ್. ಒಂದೇ ವಿವರ ಕೊಟ್ಟು ಮೈಸೂರಿನಲ್ಲಿ ಒಂದು, ಮಂಗಳೂರಿನಲ್ಲಿ ಒಂದು ಪ್ರೆಸ್ಸಿನಿಂದ ದರ ತರಿಸಿ ಹೋಲಿಸಿ ನೋಡಿ.

ಕೊಡಗಿನಲ್ಲಿ ಪುಸ್ತಕಕ್ಕೆ ದೊಡ್ಡ ಶತ್ರು ತೇವ. ಮಳೆಗಾಲದಲ್ಲಿ ಕಾಗದ ನೀರು ಹೀರಿ ಅಲೆಅಲೆಯಾಗುತ್ತದೆ. ಹೊರಬದಿ ಮಾತ್ರ ಲ್ಯಾಮಿನೇಶನ್ ಆದ ತೆಳು ರಕ್ಷಾಪುಟ ಸುರುಳಿ ಸುತ್ತಿಕೊಳ್ಳುತ್ತದೆ. ರಕ್ಷಾಪುಟಕ್ಕೆ 300 ಜಿಎಸ್‌ಎಂ ಕಾರ್ಡ್ ಹಾಕಿಸಿ, ಖರ್ಚು ತಡೆದುಕೊಳ್ಳುವುದಾದರೆ ಬರೀ ಗಮ್ ಬೈಂಡಿಂಗ್ ಬದಲು ಹೊಲಿಗೆ ಬೈಂಡಿಂಗ್ ಮಾಡಿಸಿ. ಬಂಡಲುಗಳನ್ನು ನೆಲಕ್ಕೆ, ಗೋಡೆಗೆ ತಾಗಿಸಿ ಇಡಬೇಡಿ. ಹಲಗೆ ಮೇಲಿಡಿ, ಅಟ್ಟದ ಮೇಲೆ ಬೇಡ. ಜೂನ್‌ನಿಂದ ಆಗಸ್ಟ್‌ವರೆಗೆ ಅಚ್ಚು ಹಾಕಿಸಿ ತರುವುದೇ ಬೇಡ. ಜಿಲ್ಲೆಗೆ ರೈಲಿಲ್ಲ, ಎಲ್ಲ ರಸ್ತೆಯಲ್ಲೇ ಬರಬೇಕು, ಘಾಟಿ ಕುಸಿದರೆ ಪುಸ್ತಕ ಎಲ್ಲೋ ಗೋಡೌನಿನಲ್ಲಿ ಕೂತಿರುತ್ತದೆ.

ಐಎಸ್‌ಬಿಎನ್‌ಗೆ ದುಡ್ಡಿಲ್ಲ. ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಸ್ವಂತವಾಗಿ ಪ್ರಕಟಿಸುವ ಲೇಖಕರೂ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಯಾರಾದರೂ ಇದಕ್ಕೇ ಅಂತ ದೊಡ್ಡ ಮೊತ್ತ ಕೇಳಿದರೆ ಯೋಚಿಸಿ. 13 ಅಂಕಿಯ ಈ ಸಂಖ್ಯೆ ಪುಸ್ತಕವನ್ನು ಗುರುತಿಸಲು ಮಾತ್ರ. ಅದರಿಂದ ಹಕ್ಕೂ ಸಿಗುವುದಿಲ್ಲ, ಗುಣಮಟ್ಟದ ಮುದ್ರೆಯೂ ಅಲ್ಲ. ಇ-ಬುಕ್ಕಿಗೆ ಬೇರೆ ಸಂಖ್ಯೆ ಬೇಕು. ಅಚ್ಚಿಗೆ ಹೋಗುವ ಹಿಂದಿನ ದಿನ ಅರ್ಜಿ ಹಾಕಬೇಡಿ, ಸಮಯ ಹಿಡಿಯುತ್ತದೆ.

ಈಗ ಮುನ್ನುಡಿಗೆ ಬರೋಣ. ದೊಡ್ಡ ಹೆಸರಿನ ಹಿಂದೆ ಓಡಿ, ಆರು ತಿಂಗಳು ಕಾದು, ಕೊನೆಗೆ ಒಂದೇ ಕಥೆ ಓದಿ ಬರೆದ ಎರಡು ಪುಟ ತರುವುದರಲ್ಲಿ ಏನೂ ಇಲ್ಲ. ನಿಮ್ಮ ಹಸ್ತಪ್ರತಿಯನ್ನು ನಿಷ್ಠುರವಾಗಿ ಓದಿದ ಆ ಮೂವರಲ್ಲಿ ಒಬ್ಬರು ಬರೆದರೆ ಅದು ನಿಜವಾದ ಮುನ್ನುಡಿಯಾಗುತ್ತದೆ. ಮುನ್ನುಡಿಯೇ ಇಲ್ಲದೆ ಮೊದಲ ಕಥೆಯಿಂದ ಪುಸ್ತಕ ಶುರುವಾದರೂ ಚೆಂದ. ಬೆನ್ನುಡಿ ಮಾತ್ರ ಚಿಕ್ಕದಾಗಿ ಇರಲಿ. ಅಂಗಡಿಯಲ್ಲಿ ನಿಂತವರು ಅದನ್ನೇ ಓದುವುದು.

ಬಿಡುಗಡೆ ಮತ್ತು ಆಮೇಲೆ

ದಿನ ಆರಿಸುವಾಗ ಕಾಫಿ ನೋಡಿ. ನವೆಂಬರ್ ಕೊನೆಯಿಂದ ಅರೇಬಿಕಾ ಕುಯ್ಲು, ಆಮೇಲೆ ಸುಗ್ಗಿಹಬ್ಬ ಹುತ್ತರಿ, ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ. ಆಗ ಕರೆದರೆ ಯಾರು ಬರುತ್ತಾರೆ? ಅಕ್ಟೋಬರಿನ ಕಾವೇರಿ ಸಂಕ್ರಮಣ ಮುಗಿದ ಮೇಲೆ ಕುಯ್ಲು ಶುರುವಾಗುವ ಮುಂಚೆ ಸಿಗುವ ವಾರಗಳು ಬಹಳ ಒಳ್ಳೆಯವು, ಮಳೆಯೂ ಇಳಿದಿರುತ್ತದೆ. ಮಾತನಾಡುವವರು ಇಬ್ಬರೇ ಇರಲಿ. ಇಬ್ಬರಿಗೂ ಪುಸ್ತಕವನ್ನು ಮೂರು ವಾರ ಮುಂಚೆ ತಲುಪಿಸಿ. ಪುಸ್ತಕದಲ್ಲಿ ಏನು ಕೈಗೂಡಿಲ್ಲ ಅನ್ನುವುದನ್ನೂ ವೇದಿಕೆಯಲ್ಲೇ ಹೇಳಿ ಅಂತ ಮೊದಲೇ ಕೇಳಿಕೊಳ್ಳಿ. ಸಭೆಗೆ ಒಂದು ಕಥೆಯ ಎರಡು ಪುಟ ಓದಿ ಕೇಳಿಸಿ. ಹೊಗಳಿಕೆಗಿಂತ ಅದಕ್ಕೇ ಪುಸ್ತಕ ಜಾಸ್ತಿ ಹೋಗುತ್ತದೆ.

ಅಂಗಡಿಯವರು ಸಾಮಾನ್ಯವಾಗಿ ಶೇ 30ರಿಂದ 40 ರಿಯಾಯಿತಿ ಕೇಳುತ್ತಾರೆ, ಬೆಲೆ ಕಟ್ಟುವಾಗ ಅದು ತಲೆಯಲ್ಲಿರಲಿ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಗ್ರಂಥಾಲಯ ಇಲಾಖೆ ಪ್ರತಿ ವರ್ಷದ ಹೊಸ ಪುಸ್ತಕಗಳನ್ನು ಆಯ್ಕೆ ಮಾಡಿ ಕೊಳ್ಳುತ್ತದೆ, ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಪ್ರತಿ ಕೊಟ್ಟು ನೋಂದಣಿ ಮಾಡಿಸಿದ ದಾಖಲೆ ಇಟ್ಟುಕೊಂಡಿರಿ. 1954ರ ಕಾಯ್ದೆಯಂತೆ ಪ್ರಕಟಿಸಿದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಸ್ವಂತ ಪ್ರಕಾಶನ ಮಾಡುವವರು ಇದನ್ನು ಮರೆಯುವುದೇ ಜಾಸ್ತಿ. ಅಂಚೆಯಲ್ಲಿ ಕಳಿಸಲು 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಶುರುವಾಗಿದೆ. ಶುರುವಾದಾಗಿನ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ನಿಮ್ಮ ಪುಸ್ತಕ ಅದರಡಿ ಹೋಗುತ್ತದಾ ಅಂತ ಅಂಚೆ ಕಚೇರಿಯಲ್ಲಿ ತೋರಿಸಿ ಕೇಳಿ. ಇ-ಬುಕ್ಕಿಗೆ, ಕೇಳುವ ಪುಸ್ತಕಕ್ಕೆ ಮೈಲ್ಯಾಂಗ್ ಅನ್ನುವ ಆ್ಯಪ್ ಇದೆ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮಡಿಕೇರಿಗೆ ಬಂದದ್ದು 1932, 1981, 2014ರಲ್ಲಿ, ಇನ್ನೊಂದಕ್ಕೆ ಕಾಯುತ್ತಾ ಕೂರಲಾಗುವುದಿಲ್ಲ. ಎಲ್ಲಿ ನಡೆದರೂ ನಾಲ್ಕು ಜನ ಬರಹಗಾರರು ಸೇರಿ ಒಂದು ಮಳಿಗೆ ಹಿಡಿಯಿರಿ.

ವಿಮರ್ಶೆಗೆ ಪ್ರತಿ ಕಳಿಸುವಾಗ ಇಪ್ಪತ್ತು ಕಡೆ ಕಣ್ಣುಮುಚ್ಚಿ ಕಳಿಸಬೇಡಿ. ಸಣ್ಣಕಥೆಗಳ ಬಗ್ಗೆ ಗಂಭೀರವಾಗಿ ಬರೆಯುವ ಐದಾರು ಜನರನ್ನು ಗುರುತಿಸಿ, ಅವರು ಯಾವುದೋ ಪುಸ್ತಕದ ಬಗ್ಗೆ ಬರೆದದ್ದನ್ನು ಓದಿದ್ದೀರಿ ಅಂತ ಎರಡು ಸಾಲು ಬರೆದು ಕಳಿಸಿ. ಟೀಕೆ ಬಂದರೆ ಫೇಸ್‌ಬುಕ್ಕಿನಲ್ಲಿ ಉತ್ತರಿಸಲು ಹೋಗಬೇಡಿ. ಅದಕ್ಕಿಂತ ಮುಖ್ಯವಾಗಿ, ನೀವೇ ಬೇರೆಯವರ ಪುಸ್ತಕದ ಬಗ್ಗೆ ಬರೆಯಿರಿ. ಕೊಡಗಿನಲ್ಲಿ ಪುಸ್ತಕ ಬರುತ್ತಿವೆ, ಅವುಗಳ ಬಗ್ಗೆ ನಿಜ ಹೇಳುವ ಬರಹ ಮಾತ್ರ ಬರುತ್ತಿಲ್ಲ. ಎಲ್ಲರೂ ಎಲ್ಲರಿಗೂ ನೆಂಟರು, ಸ್ನೇಹಿತರು, ಹಾಗಾಗಿ ಹೊಗಳಿಕೆಯಲ್ಲೇ ಮುಗಿಯುತ್ತದೆ. ಕಷ್ಟವೇನಲ್ಲ. ಕಥೆ ಏನು ಮಾಡಲು ಹೊರಟಿದೆ ಅಂತ ಮೊದಲು ಹೇಳಿ, ಅದು ಆಗಿದೆಯಾ ಅಂತ ಪುಸ್ತಕದ್ದೇ ಎರಡು ಮೂರು ಸಾಲು ಎತ್ತಿ ತೋರಿಸಿ, ಆಗಿಲ್ಲದಿದ್ದರೆ ಎಲ್ಲಿ ಅಂತ ಬೆರಳಿಡಿ. ಲೇಖಕರ ಬಗ್ಗೆ ಒಂದು ಮಾತೂ ಬೇಡ, ಪುಟದ ಮೇಲೆ ಇರುವುದರ ಬಗ್ಗೆ ಮಾತ್ರ. ಹೀಗೆ ಬರೆಯುವ ನಾಲ್ಕೈದು ಜನ ಜಿಲ್ಲೆಯಲ್ಲಿದ್ದರೆ ಮುಂದಿನ ಹೊಸಬರಿಗೆ ಅಚ್ಚಿಗೆ ಮುಂಚಿನ ಓದುಗರು ತಾವಾಗಿಯೇ ಸಿಗುತ್ತಾರೆ.

ಅಚ್ಚಾದ ಪ್ರತಿಗಳಲ್ಲಿ ಒಂದನ್ನು ಬೇರೆ ಇಟ್ಟು ಅದರ ಮೇಲೆ "ತಿದ್ದುಪಡಿ" ಅಂತ ಬರೆಯಿರಿ. ಓದುಗರು ಹೇಳುವ ಅಕ್ಷರದೋಷ, ನೀವೇ ಕಂಡ ತಪ್ಪು, ಬದಲಿಸಬೇಕು ಅನ್ನಿಸಿದ ಸಾಲು, ಎಲ್ಲ ಅದರಲ್ಲೇ ಗುರುತು ಮಾಡುತ್ತಾ ಹೋಗಿ. ಡಿಟಿಪಿಯವರಿಂದ ಕೊನೆಯ ಕಡತವನ್ನು, ಪಿಡಿಎಫ್ ಅಷ್ಟೇ ಅಲ್ಲ, ತಿದ್ದಲು ಬರುವ ಮೂಲ ಕಡತವನ್ನೂ ರಕ್ಷಾಪುಟದ ಕಡತವನ್ನೂ ಬಾಕಿ ಹಣ ಕೊಡುವ ದಿನವೇ ಕೇಳಿ ತೆಗೆದುಕೊಂಡು ಎರಡು ಕಡೆ ಉಳಿಸಿಡಿ. ಎರಡನೇ ಮುದ್ರಣಕ್ಕೆ ಬೇಕಾಗುವುದು ಇವೇ.